ಪಿಸ್ತೂಲಿನ ಒರೆ: ಐದು ಬಗೆ, ಒಂದು ಮಳೆಗಾಲ

ನನ್ನ ಅಕ್ಕನ ಮಗ ಸೇನೆಯಲ್ಲಿದ್ದಾನೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ರಜೆಯ ಮೇಲೆ ಅಂಕೋಲೆಗೆ ಬಂದಾಗ, ತನ್ನ ಪಲ್ಟಣವು ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಡನೆ ದಕ್ಷಿಣ ಸುಡಾನಿಗೆ ಹೊರಡಲಿದೆ ಎಂದೂ, ಅಲ್ಲಿ ಹಗಲಿರುಳೂ ಸೊಂಟದಲ್ಲಿ ಪಿಸ್ತೂಲು ಹೊರುವ ಕೆಲಸ ತನ್ನ ಪಾಲಿಗೆ ಬಂದಿದೆ ಎಂದೂ ಹೇಳಿದ. "ಮಾವಾ, ಹೋಲ್‌ಸ್ಟರ್ ಒಂದನ್ನ ನೀವೇ ನೋಡಿ ಆರಿಸಿಕೊಡಿ. ವರ್ಷ ಪೂರ್ತಿ ಬಾಳಬೇಕು, ನಡುವೆ ಕೈಕೊಡಬಾರದು" ಎಂದು ಕೇಳಿಕೊಂಡ. ಇಪ್ಪತ್ನಾಲ್ಕು ವರ್ಷ ಸೇವೆ ಮಾಡಿ ಸುಬೇದಾರನಾಗಿ ನಿವೃತ್ತನಾದವನು ನಾನು. ಕೊನೆಯ ಒಂಬತ್ತು ವರ್ಷ ಪಿಸ್ತೂಲು ಹೊತ್ತಿದ್ದೇನೆ. ಆದರೂ ಯಾವ ಒರೆ ಒಳ್ಳೆಯದು ಎಂದು ಕೇಳಿದಾಗ ತಟ್ಟನೆ ಉತ್ತರಿಸುವ ಧೈರ್ಯ ಬರಲಿಲ್ಲ, ಏಕೆಂದರೆ ನಾನು ಬಳಸಿದ್ದು ಸರ್ಕಾರ ಕೊಟ್ಟದ್ದನ್ನು, ನಾನೇ ಆರಿಸಿದ್ದನ್ನಲ್ಲ. ಹಾಗಾಗಿ ಐದು ಬಗೆಯ ಒರೆಗಳನ್ನು ಹೊಂದಿಸಿಕೊಂಡು, ಆರಿದ್ರಾ ಮಳೆ ಹಿಡಿದಂದಿನಿಂದ ಮಘೆ ಮುಗಿಯುವವರೆಗೆ, ಹತ್ತು ವಾರಗಳ ಕಾಲ ಸರದಿಯಂತೆ ನನ್ನ ಸೊಂಟಕ್ಕೇ ಕಟ್ಟಿಕೊಂಡು ನೋಡಿದೆ.

ಮೊದಲು ಪಿಸ್ತೂಲಿನ ವಿಷಯ ಹೇಳಬೇಕು, ಒರೆಯ ಆಯ್ಕೆಯನ್ನು ಅರ್ಧದಷ್ಟು ನಿರ್ಧರಿಸುವುದು ಅದೇ. ನಮ್ಮ ಸೇನೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು 'ಪಿಸ್ತೂಲ್ ಆಟೋ 9 ಎಂ.ಎಂ. 1ಎ'. ಬೆಲ್ಜಿಯಂನಲ್ಲಿ 1935ರಲ್ಲಿ ಹೊರಬಂದ ಬ್ರೌನಿಂಗ್ ಹೈ-ಪವರ್‌ನ ವಂಶದ ಈ ಪಿಸ್ತೂಲು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ತಯಾರಿಸಿದ ಮಾದರಿಯನ್ನು ಅನುಸರಿಸಿ ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ಮಾಡಿದ್ದು. ಉದ್ದ ಸುಮಾರು 20 ಸೆಂಟಿಮೀಟರ್. ಪೂರ್ತಿ ಉಕ್ಕಿನದಾದ್ದರಿಂದ, ಮ್ಯಾಗಜಿನ್‌ನಲ್ಲಿ 13 ಗುಂಡು ತುಂಬಿದ ಮೇಲೆ ಒಂದು ಕಿಲೋ ದಾಟುತ್ತದೆ. ಪೇಟೆಯಲ್ಲಿ ಸಿಗುವ ಗಟ್ಟಿ ಪ್ಲಾಸ್ಟಿಕ್ಕಿನ ಒರೆಗಳ ಪೈಕಿ ಬಹುಪಾಲು ಗ್ಲಾಕ್ ಪಿಸ್ತೂಲಿನ ಅಚ್ಚಿಗೆ ತಯಾರಾದವು. ಗ್ಲಾಕ್ 17ರ ಚೌಕಟ್ಟು ಪ್ಲಾಸ್ಟಿಕ್ಕಿನದು, ಖಾಲಿಯಿದ್ದಾಗ ಅದರ ತೂಕ ಮುಕ್ಕಾಲು ಕಿಲೋಗಿಂತಲೂ ಕಡಿಮೆ. ಅದಕ್ಕೆಂದು ಮಾಡಿದ ಒರೆಯಲ್ಲಿ ನಮ್ಮ ಬ್ರೌನಿಂಗ್ ಕೂರುವುದೇ ಇಲ್ಲ. ಅಥವಾ ಕೂತಂತೆ ಕಂಡು, ಓಡುವಾಗ ಜಾರಿ ಬೀಳುತ್ತದೆ. ಆದ್ದರಿಂದ 'ಎಲ್ಲ ಪಿಸ್ತೂಲಿಗೂ ಹೊಂದುತ್ತದೆ' ಎಂದು ಹೇಳಿ ಮಾರುವ ಯಾವುದನ್ನೂ ನಾನು ಪರೀಕ್ಷೆಗೆ ತೆಗೆದುಕೊಳ್ಳಲಿಲ್ಲ.

ಬಾಳಿಕೆ ಎಂದರೆ ಏನು ಎಂಬುದನ್ನು ನನಗೆ ಕಲಿಸಿದ್ದು ಒಂದು ಹಳ್ಳ. ಈಶಾನ್ಯದ ಗಡಿಯ ಠಾಣೆಯೊಂದರಲ್ಲಿದ್ದಾಗ, ಮಳೆಗಾಲದ ಒಂದು ಬೆಳಗ್ಗೆ ಎದೆಮಟ್ಟದ ನೀರಿನಲ್ಲಿ ಹಳ್ಳ ದಾಟಿ ದಡ ಹತ್ತುತ್ತಿದ್ದೆವು. ನನ್ನ ಕ್ಯಾನ್ವಾಸ್ ಒರೆಯ ಮುಚ್ಚಳದ ಟಿಚ್ ಗುಂಡಿ ಬಿಚ್ಚಿಕೊಂಡು ಪಿಸ್ತೂಲು ಹೊರಜಾರಿತು. ಹಿಡಿಯ ಬುಡದ ಬಳೆಗೆ ಕಟ್ಟಿದ್ದ ಲ್ಯಾನ್‌ಯಾರ್ಡ್ ಹಗ್ಗದಲ್ಲಿ ಅದು ಮೊಣಕಾಲಿನ ಬಳಿ ನೇತಾಡುತ್ತಿದ್ದುದನ್ನು ಹಿಂದಿನವರು ಕಂಡು ಕೂಗಿ ಹೇಳಿದರು. ಹಗ್ಗವಿಲ್ಲದಿದ್ದರೆ ಅಂದು ಆಯುಧ ಹಳ್ಳದ ಪಾಲಾಗುತ್ತಿತ್ತು, ನಾನು ವಿಚಾರಣೆಯ ಮುಂದೆ ನಿಲ್ಲಬೇಕಾಗುತ್ತಿತ್ತು. ಠಾಣೆಗೆ ಮರಳಿ ಆ ಗುಂಡಿಯನ್ನು ಬಿಚ್ಚಿ ನೋಡಿದೆ. ಹೊರಗಿನ ಹಿತ್ತಾಳೆಯ ಟೊಪ್ಪಿಗೆ ಹೊಳೆಯುತ್ತಿತ್ತು. ಒಳಗಿನ ಕೂದಲೆಳೆಯಂಥ ಉಕ್ಕಿನ ಸ್ಪ್ರಿಂಗ್ ತುಕ್ಕು ಹಿಡಿದು ಎರಡು ತುಂಡಾಗಿತ್ತು. ಕ್ಯಾನ್ವಾಸಿಗೆ ಏನೂ ಆಗಿರಲಿಲ್ಲ. ಅಂದಿನಿಂದ ನಾನು ಒರೆಯ ಮೈಯನ್ನು ಕೊನೆಗೆ ನೋಡುತ್ತೇನೆ. ಮೊದಲು ಗುಂಡಿ, ಹೊಲಿಗೆ, ತಿರುಪು, ಬೆಲ್ಟಿಗೆ ಸಿಕ್ಕಿಸುವ ಕುಣಿಕೆ ಇವನ್ನು ನೋಡುತ್ತೇನೆ. ಒರೆ ಸೋಲುವುದು ಅಲ್ಲಿ.

ಪರೀಕ್ಷೆಗೆ ಅಸಲಿ ಪಿಸ್ತೂಲು ಸಿಗುವಂತಿರಲಿಲ್ಲ, ಅದು ಪಲ್ಟಣದ ಕೋತ್ (ಆಯುಧ ಇಡುವ ಕೋಣೆ) ಬಿಟ್ಟು ರಜೆಗೆ ಬರುವುದಿಲ್ಲ. ಅಳಿಯ ಅಳತೆಗಳನ್ನು ಬರೆದುಕೊಟ್ಟ. ಶಿರಸಿಯ ಗುಡಿಗಾರರೊಬ್ಬರು ಬೀಟೆ ಮರದಲ್ಲಿ ಅದೇ ಆಕಾರದ ನಕಲೊಂದನ್ನು ಕೆತ್ತಿಕೊಟ್ಟರು. ಗಂಧದಲ್ಲಿ ದೇವರ ಬೆರಳಿನ ಉಗುರನ್ನೂ ಬಿಡಿಸುವ ಕೈ ಅವರದು. ಟ್ರಿಗರ್ ಸುತ್ತಲಿನ ಬಳೆಯನ್ನು ಕಬ್ಬಿಣದ ಪಟ್ಟಿ ಬಗ್ಗಿಸಿ ಕೂರಿಸಿ, ಗಟ್ಟಿ ಒರೆಯೊಳಗೆ 'ಟಕ್' ಎಂದು ಕೂರುವ ತನಕ ಎರಡು ಸಲ ಉಜ್ಜಿ ಸರಿಪಡಿಸಿದರು. ತೂಕ ಸಾಲದೆ ಬಂದದ್ದರಿಂದ ಹಿಡಿಯನ್ನು ಟೊಳ್ಳು ಮಾಡಿಸಿ, ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಿ ಮೇಣ ಹೊಯ್ದೆ. ತಕ್ಕಡಿಯಲ್ಲಿ ಒಂದು ಕಿಲೋ ಐವತ್ತು ಗ್ರಾಂ ತೂಗಿತು. ಮರ ಮಳೆಯಲ್ಲಿ ಉಬ್ಬುತ್ತದೆ, ಉಕ್ಕು ಉಬ್ಬುವುದಿಲ್ಲ. ಎಷ್ಟು ಎಣ್ಣೆ ಕುಡಿಸಿದರೂ ಆ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಆದ್ದರಿಂದ ಗಟ್ಟಿ ಒರೆಗಳ ಬಿಗಿತದ ಬಗ್ಗೆ ಕೊನೆಯ ತೀರ್ಮಾನವನ್ನು ಅಳಿಯ ತನ್ನ ಪಲ್ಟಣದಲ್ಲಿ ಖಾಲಿ ಪಿಸ್ತೂಲಿನಿಂದ ನೋಡಿ ಹೇಳಿದ ಮೇಲೆಯೇ ಮಾಡಿದೆ.

ಕಾರವಾರದ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಜೊತೆಗೆ ಉಪ್ಪುಗಾಳಿ. ತೇವ ಮತ್ತು ತುಕ್ಕಿನ ಪರೀಕ್ಷೆಗೆ ಇದಕ್ಕಿಂತ ಕಠಿಣವಾದ ಜಾಗವನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಾಣಲಿಲ್ಲ. ಇಲ್ಲಿ ಇಲ್ಲದ್ದು ಒಂದೇ, ಅಳಿಯ ಹೋಗುವ ನಾಡಿನ ಕೆಸರು. ದಕ್ಷಿಣ ಸುಡಾನಿನ ಬಯಲಿನ ಮಣ್ಣು ನಮ್ಮ ಬಯಲುಸೀಮೆಯ ಎರೆಮಣ್ಣಿನ ಜಾತಿಯದು. ಮಳೆ ಬಂದರೆ ಅಂಟಾಗಿ ಗಾಡಿಗಳನ್ನು ಕಚ್ಚಿ ಹಿಡಿಯುತ್ತದೆ, ಒಣಗಿದರೆ ಇಟ್ಟಿಗೆಯಂತೆ ಬಿರಿಯುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಆ ಗುಣವಿಲ್ಲ. ಹಾಗಾಗಿ ಹುಬ್ಬಳ್ಳಿಯ ಆಚೆಯಿಂದ ಎರಡು ಗೊಬ್ಬರದ ಚೀಲದಲ್ಲಿ ಎರೆಮಣ್ಣನ್ನು ಲಾರಿಯವರ ಕೈಲಿ ತರಿಸಿ, ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಕಲಸಿಟ್ಟೆ. ಪ್ರತಿ ಒರೆಯೂ ತೋಟದ ಕೆಲಸ, ಕಡಲಂಚಿನ ಮರಳು, ಉಪ್ಪುನೀರು, ಈ ಎರೆಕೆಸರು ನಾಲ್ಕನ್ನೂ ಕಂಡಿತು. ರಾತ್ರಿ ಬಿಚ್ಚಿಟ್ಟಾಗ, ಹೊಳಪು ಬರುವಂತೆ ಉಜ್ಜಿದ ಗರಗಸದ ಬ್ಲೇಡಿನ ತುಂಡೊಂದನ್ನು ಪ್ರತಿ ಒರೆಯೊಳಗೂ ಇಳಿಬಿಟ್ಟು, ಎಷ್ಟನೆಯ ದಿನ ತುಕ್ಕಿನ ಚುಕ್ಕೆ ಬಂತು ಎಂಬುದನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತ ಬಂದೆ.

ಕ್ಯಾನ್ವಾಸ್ ಒರೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದರ ಮೇಲೆ ನನಗೆ ಮಮತೆಯಿದೆ. 1937ರ ಬ್ರಿಟಿಷ್ ಮಾದರಿಯ ದಪ್ಪ ಹತ್ತಿಯ ನೇಯ್ಗೆಯಿಂದ ಬೆಳೆದುಬಂದ, ಮೇಲೆ ಪೂರ್ತಿ ಮುಚ್ಚಳವಿರುವ ಒರೆ ಅದು. ಹತ್ತಿಯ ನೂಲು ನೀರು ಕುಡಿದಾಗ ಉಬ್ಬಿ ನೇಯ್ಗೆಯ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಸಾಧಾರಣ ಮಳೆಯಲ್ಲಿ ಒಳಗಿನ ಆಯುಧ ಅಷ್ಟಾಗಿ ನೆನೆಯುವುದಿಲ್ಲ. ಧೂಳನ್ನು ತಡೆಯುವುದರಲ್ಲಿ ಐದರ ಪೈಕಿ ಇದಕ್ಕೇ ಮೊದಲ ಸ್ಥಾನ. ಕಡಲಂಚಿನ ಮರಳಿನಲ್ಲಿ ಹೊಟ್ಟೆಯ ಮೇಲೆ ತೆವಳಿ ಎದ್ದು ಮುಚ್ಚಳ ತೆರೆದಾಗ, ಒಳಗೆ ಬೆರಳಿಗೆ ಸಿಕ್ಕಿದ್ದು ನಾಲ್ಕೈದು ಮರಳಿನ ಕಣ ಮಾತ್ರ. ಸದ್ದೂ ಇಲ್ಲ. ಆದರೆ ಒಮ್ಮೆ ಪೂರ್ತಿ ನೆನೆದರೆ ಅದರ ಕಷ್ಟ ಶುರುವಾಗುತ್ತದೆ. ಒಣಗಿದ್ದಾಗ 190 ಗ್ರಾಂ ಇದ್ದದ್ದು ನೆನೆದ ಮೇಲೆ 340 ಗ್ರಾಂ ತೂಗಿತು. ಪುನರ್ವಸು ಮಳೆಯ ನಡುವೆ ಮಾಡಿನ ಕೆಳಗೆ ತೂಗುಹಾಕಿದ್ದು ಒಣಗಲು ಮೂರು ದಿನ ಹಿಡಿಯಿತು. ಬ್ಲೇಡಿನ ತುಂಡಿನ ಮೇಲೆ ಎರಡನೆಯ ಬೆಳಗ್ಗೆಯೇ ತುಕ್ಕು ಕಂಡಿತು. ಮೂರನೆಯ ವಾರಕ್ಕೆ ಒಳಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯಿತು, ಹೊಲಿಗೆಯ ದಾರವೂ ಹತ್ತಿಯದೇ ಆದ್ದರಿಂದ ಬೂಷ್ಟು ಮೊದಲು ತಿಂದದ್ದು ಅದನ್ನು. ನಮ್ಮ ಮೀನುಗಾರರು ಹತ್ತಿಯ ಬಲೆಯ ಕಾಲದಲ್ಲಿ ಮರದ ತೊಗಟೆಯ ಕಷಾಯದಲ್ಲಿ ಬಲೆಯನ್ನು ಮತ್ತೆಮತ್ತೆ ಅದ್ದಿ ಒಣಗಿಸುತ್ತಿದ್ದುದು ಈ ಕೊಳೆತವನ್ನು ತಡೆಯಲಿಕ್ಕೇ. ನೈಲಾನ್ ಬಂದ ಮೇಲೆ ಆ ಹಂಡೆಗಳು ಹಿತ್ತಲು ಸೇರಿದವು. ಕ್ಯಾನ್ವಾಸ್ ಒರೆಯನ್ನು ಆರೈಕೆ ಮಾಡಲು ಸಮಯವಿರುವ ಸೈನಿಕನಿಗೆ ಅದು ಬಾಳುತ್ತದೆ. ನಿಯೋಜನೆಯ ಮೇಲಿರುವವನಿಗೆ ಸಿಗದಿರುವುದು ಆ ಸಮಯವೇ.

ಚರ್ಮದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಿವೃತ್ತರಾದ ನನ್ನ ಗೆಳೆಯರೆಲ್ಲರೂ ಒಂದೇ ಬಾಯಿಂದ ಚರ್ಮವನ್ನೇ ಹೇಳಿದರು. ನಾನು ಮಾಡಿಸಿದ್ದು ಅಥಣಿಯ ಕಡೆಯ ಎಮ್ಮೆಯ ಚರ್ಮದಲ್ಲಿ. ಕೊಲ್ಹಾಪುರಿ ಚಪ್ಪಲಿಗೆ ಬಳಸುವ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಮಾಡಿದ ಚರ್ಮ ಅದು. ಅಳಲೆಕಾಯಿ ನಮ್ಮ ಘಟ್ಟದ ಕಾಡಿನಲ್ಲಿ ಆಯುವ ಕಾಯಿ, ಅದರ ಒಗರೇ ಚರ್ಮವನ್ನು ಗಟ್ಟಿಗೊಳಿಸುವ ಗುಣ. ಹೀಗೆ ಹದಮಾಡಿದ ಚರ್ಮವನ್ನು ನೆನೆಸಿ ಪಿಸ್ತೂಲಿನ ಮೇಲೆ ಒತ್ತಿ ಒಣಗಿಸಿದರೆ ಆ ಆಕಾರವನ್ನೇ ಹಿಡಿದು ನಿಲ್ಲುತ್ತದೆ. ಕ್ರೋಮ್ ಲವಣಗಳಲ್ಲಿ ಹದಮಾಡಿದ ಮೆದು ಚರ್ಮ ಹಾಗೆ ನಿಲ್ಲುವುದಿಲ್ಲ, ಅದರಲ್ಲಿ ಉಳಿದ ಲವಣ ಮತ್ತು ಆಮ್ಲ ಉಕ್ಕನ್ನು ಬೇಗ ತಿನ್ನುತ್ತವೆ. ಹುಬ್ಬಳ್ಳಿಯಲ್ಲಿ ಹೊಲಿಯುವವರು ಮೇಣ ಹಚ್ಚಿದ ದಪ್ಪ ದಾರದಲ್ಲಿ ಎರಡು ಸೂಜಿ ಹಿಡಿದು ಕೈಯಿಂದಲೇ ಹೊಲಿದರು. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಕಡಿದರೆ ಸರಸರನೆ ಬಿಚ್ಚಿಕೊಳ್ಳಬಹುದು. ಎರಡು ಸೂಜಿಯ ಹೊಲಿಗೆಯಲ್ಲಿ ಒಂದು ಎಳೆ ಕಡಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ.

ಮೊದಲ ಎರಡು ವಾರ ಈ ಒರೆಯನ್ನು ಕಟ್ಟಿಕೊಂಡಾಗ ಗೆಳೆಯರ ಮಾತು ಸತ್ಯವೆನಿಸಿತು. ಮೈಗೆ ಇಷ್ಟು ಹಿತವಾಗಿ ಒರಗಿ ಕೂತದ್ದು ಬೇರೊಂದಿಲ್ಲ. ಜೀಪಿನಲ್ಲಿ ಕೂತಾಗ ಪಕ್ಕೆಗೆ ಒತ್ತುವುದಿಲ್ಲ, ನಡೆಯುವಾಗ ಸದ್ದಿಲ್ಲ, ತೆಗೆಯುವಾಗ ಜಾಳಾಗಿಯೂ ಇಲ್ಲ, ಬಿಗಿಯಾಗಿಯೂ ಇಲ್ಲ. ಪುಷ್ಯ ಮಳೆಯಲ್ಲಿ ಅದರ ಸ್ವಭಾವ ಬದಲಾಯಿತು. ದಿನವೂ ನೆನೆದು, ರಾತ್ರಿ ಅರೆಬರೆ ಒಣಗಿ, ಬೆಳಗ್ಗೆ ಮತ್ತೆ ನೆನೆದಾಗ ಬಾಯಿಯ ಅಂಚು ಮೆತ್ತಗಾಗಿ ಒಳಕ್ಕೆ ಮಡಚತೊಡಗಿತು. ನಕಲು ಪಿಸ್ತೂಲನ್ನು ಮರಳಿ ಒರೆಗೆ ಇಳಿಸುವಾಗ, ಆ ಮಡಿಕೆ ಟ್ರಿಗರ್ ಬಳೆಯೊಳಗೆ ನಾಲಗೆಯಂತೆ ತೂರಿಕೊಂಡಿತು. ಬಗ್ಗಿ ನೋಡಿದೆ, ಚರ್ಮದ ಆ ತುದಿ ಟ್ರಿಗರ್ ಇರುವ ಜಾಗಕ್ಕೇ ಒತ್ತಿಕೊಂಡಿತ್ತು. ಅಸಲಿ ಪಿಸ್ತೂಲಾಗಿದ್ದು, ಗುಂಡು ಏರಿಸಿ ಸೇಫ್ಟಿ ಹಾಕುವುದು ಮರೆತಿದ್ದರೆ, ಕೆಳಕ್ಕೆ ಒತ್ತಿದ ಕೈಯೇ ಈಡು ಹಾರಿಸುತ್ತಿತ್ತು, ಅದೂ ನನ್ನ ತೊಡೆಗೆ. ಮೈ ಜುಂ ಎಂದಿತು. ಚರ್ಮದ ಒರೆ ಹರಿಯುವ ಎಷ್ಟೋ ಮೊದಲೇ ಅಪಾಯಕಾರಿ ಆಗಬಲ್ಲದು. ಅದರ ಬಾಳಿಕೆಯನ್ನು ಅಳೆಯುವಾಗ ಹೊಲಿಗೆಯನ್ನು ನೋಡಿದರೆ ಸಾಲದು, ಬಾಯಿಯ ಅಂಚು ಸೆಟೆದು ನಿಂತಿದೆಯೇ ಎಂದು ಪ್ರತಿ ವಾರ ಬೆರಳಿನಿಂದ ಒತ್ತಿ ನೋಡಬೇಕು. ಬಾಯಿಯ ಸುತ್ತ ಎರಡನೆಯ ಪದರ ಹೊಲಿಸಿ, ನಡುವೆ ತೆಳು ತಗಡು ಕೂರಿಸಿದರೆ ಈ ದೋಷ ಕಡಿಮೆಯಾಗುತ್ತದೆ. ನಾನು ಹಾಗೆ ಮಾಡಿಸಿಯೂ ನೋಡಿದೆ. ಮಡಚುವುದು ನಿಂತಿತು, ಆದರೆ ಹೊಲಿಗೆಯ ತೂತುಗಳ ಬಳಿ ತಗಡಿಗೆ ತುಕ್ಕು ಹತ್ತಿತು.

ಬೂಷ್ಟಿನ ಮಾತು ಹೇಳಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಚಪ್ಪಲಿ, ಬೆಲ್ಟು ಏನಾಗುತ್ತವೆ ಎಂಬುದು ಈ ಜಿಲ್ಲೆಯ ಮಕ್ಕಳಿಗೂ ಗೊತ್ತು. ಜೇನುಮೇಣ ಮತ್ತು ಎಳ್ಳೆಣ್ಣೆ ಕರಗಿಸಿ ವಾರಕ್ಕೊಮ್ಮೆ ತಿಕ್ಕಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಟ್ಟಾಗ ಬೂಷ್ಟು ಹಿಡಿಯಲಿಲ್ಲ. ಶಿಬಿರದಲ್ಲಿ ಹೊಗೆಯಟ್ಟ ಎಲ್ಲಿಂದ ಬರಬೇಕು? ಬ್ಲೇಡಿನ ಮೇಲೆ ನಾಲ್ಕನೆಯ ದಿನ ತುಕ್ಕಿನ ಸಣ್ಣ ಚುಕ್ಕೆಗಳು ಕಂಡವು. ಎಷ್ಟೇ ಒಳ್ಳೆಯ ಚರ್ಮವಾಗಲಿ, ಪಿಸ್ತೂಲನ್ನು ಅದರೊಳಗೇ ಇಟ್ಟು ವಾರಗಟ್ಟಲೆ ಮರೆಯಬಾರದು. ಒಣ ಹವೆಯ ಊರಿನಲ್ಲಿ, ಕಚೇರಿಯ ಕೆಲಸದಲ್ಲಿ, ಪರೇಡಿನಲ್ಲಿ ಚರ್ಮಕ್ಕೆ ಸಾಟಿಯಿಲ್ಲ ಎಂದು ಈಗಲೂ ನಂಬುತ್ತೇನೆ. ಮೊಣಕಾಲುದ್ದ ಕೆಸರಿಗೆ ಇಳಿಯುವವನಿಗೆ ಅದನ್ನು ಕೊಡಲಾರೆ.

ನೈಲಾನ್ ಒರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ತರಿಸಿದ್ದು 1000 ಡೆನಿಯರ್ ನೂಲಿನ, ತೊಡೆಗೆ ಎರಡು ಪಟ್ಟಿ ಕಟ್ಟುವ ಬಗೆಯದು. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್ ಲೆಕ್ಕ. ಆ ಅಂಕಿ ನೂಲಿನ ದಪ್ಪವನ್ನು ಹೇಳುತ್ತದೆಯೇ ಹೊರತು ಹೊಲಿಗೆಯ ಗುಣವನ್ನು ಹೇಳುವುದಿಲ್ಲ. ಬಟ್ಟೆ ನಿಜಕ್ಕೂ ಗಟ್ಟಿ. ಬೂಷ್ಟಿಲ್ಲ, ಕೊಳೆತವಿಲ್ಲ, ಫ್ಯಾನಿನ ಕೆಳಗೆ ಒಂದು ರಾತ್ರಿಯಲ್ಲಿ ಒಣಗುತ್ತದೆ. ಆದರೆ ಪಿಸ್ತೂಲು ತೆಗೆದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ, ಮರಳಿ ಇಳಿಸಲು ಎಡಗೈಯಿಂದ ಅರಳಿಸಿ ಹಿಡಿಯಬೇಕು. ಎರೆಕೆಸರು ತುಂಬಿದ ವೆಲ್ಕ್ರೋ ಒಣಗಿದ ಮೇಲೆ ಹಿಡಿಯುವುದನ್ನೇ ಬಿಟ್ಟಿತು. ಹಲ್ಲುಜ್ಜುವ ಬ್ರಶ್ಶಿನಿಂದ ಅರ್ಧ ಗಂಟೆ ತಿಕ್ಕಿದರೂ ಮೊದಲಿನ ಹಿಡಿತ ಬರಲಿಲ್ಲ. ತೋಟದ ಕಾದಿಗೆ (ನೀರುಗಾಲುವೆ) ಹಾರುವಾಗ ತೊಡೆಯ ಪಟ್ಟಿ ಮೊಣಕಾಲಿಗೆ ಜಾರಿತು, ಒಂದು ಕಿಲೋ ಭಾರ ಪ್ರತಿ ಹೆಜ್ಜೆಗೂ ತೊಡೆಗೆ ಬಡಿಯಿತು. ಆರನೆಯ ದಿನಕ್ಕೆ ಅದನ್ನು ಬಿಚ್ಚಿಟ್ಟೆ.

ಉಳಿದದ್ದು ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಬಗೆ. ನಿಜವಾದ ಪೈಪೋಟಿ ಇದ್ದದ್ದು ಇವುಗಳ ನಡುವೆ.

ಒಂದು ಕೈಡೆಕ್ಸ್. ಇದು ಹಾಳೆಯ ರೂಪದಲ್ಲಿ ಬರುವ ಪ್ಲಾಸ್ಟಿಕ್. ಕಾಯಿಸಿದರೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ, ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ ಆರಿಸಿದರೆ ಆ ಆಕಾರದಲ್ಲೇ ಸೆಟೆದು ನಿಲ್ಲುತ್ತದೆ. ಬ್ರೌನಿಂಗ್‌ನಂಥ ಹಳೆಯ ಪಿಸ್ತೂಲಿಗೆ ಇದರಷ್ಟು ಅನುಕೂಲ ಬೇರೊಂದಿಲ್ಲ, ಏಕೆಂದರೆ ಒಂದೇ ಒಂದನ್ನು ಬೇಕಾದರೂ ಅಳತೆಗೆ ಮಾಡಿಕೊಡುತ್ತಾರೆ. ನನ್ನದು ಎರಡು ಮಿಲಿಮೀಟರಿಗಿಂತ ಸ್ವಲ್ಪ ದಪ್ಪದ ಹಾಳೆಯದು, 120 ಗ್ರಾಂ ಮಾತ್ರ ತೂಗುತ್ತಿತ್ತು. ಟ್ರಿಗರ್ ಬಳೆಯ ಬಳಿ ಹಾಳೆ ಒಳಕ್ಕೆ ತಗ್ಗಿ, ಪಿಸ್ತೂಲು ಇಳಿದಾಗ 'ಟಕ್' ಎಂದು ಹಿಡಿಯುತ್ತದೆ; ಆ ಹಿಡಿತವನ್ನು ಒಂದು ತಿರುಪಿನಿಂದ ಹೆಚ್ಚುಕಡಿಮೆ ಮಾಡಬಹುದು. ಬಾಯಿ ಮಡಚುವ ಪ್ರಶ್ನೆಯಿಲ್ಲ. ಉಪ್ಪುನೀರಿನಲ್ಲಿ ಅದ್ದಿ ತೆಗೆದು ಕೊಡವಿದರೆ ಒಣಗಿದಂತೆಯೇ. ಎರೆಕೆಸರಿನಲ್ಲಿ ಮುಳುಗಿಸಿ ಎರಡು ದಿನ ಬಿಸಿಲುಗಾಳಿಗೆ ಇಟ್ಟಾಗ ಕೆಸರು ಒರೆಯನ್ನೂ ನಕಲನ್ನೂ ಬೆಸೆದು ಇಟ್ಟಿಗೆಯಾಗಿತ್ತು. ಬಲವಾಗಿ ಎಳೆದಾಗ ಪಿಸ್ತೂಲು ಬಂತು, ಒರೆಯ ಒಳಗಿನ ಹೆಪ್ಪು ಒಂದು ಲೋಟ ನೀರಿಗೆ ಕರಗಿ ಕೆಳಗಿನ ತೂತಿನಿಂದ ಇಳಿದುಹೋಯಿತು. ತೊಳೆಯುವುದರಲ್ಲಿ ಇಷ್ಟು ಸುಲಭವಾದದ್ದನ್ನು ನಾನು ಕಂಡಿಲ್ಲ.

ದೋಷಗಳೂ ಇವೆ. ಮರಳಿನ ಕಣ ಒಳಗೆ ಸಿಕ್ಕರೆ ಅದು ಗಟ್ಟಿ ಗೋಡೆಗೂ ಉಕ್ಕಿಗೂ ನಡುವೆ ಮರಳುಕಾಗದದಂತೆ ಕೆಲಸ ಮಾಡುತ್ತದೆ; ನನ್ನ ಬೀಟೆಯ ನಕಲಿನ ನಳಿಕೆಯ ತುದಿ ಎರಡು ವಾರದಲ್ಲಿ ಬೆಳ್ಳಗಾಗಿತ್ತು. ಬಂಡೆಗೆ ತಾಗಿದರೆ ಟೊಳ್ಳು ಡಬ್ಬಿಯಂತೆ ಸದ್ದು ಮಾಡುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಆಕಾರ ಕೆಡಬಹುದು, ಕಾಯಿಸಿ ಬಗ್ಗಿಸಿದ ವಸ್ತು ಕಾದಾಗ ಮತ್ತೆ ಬಗ್ಗುತ್ತದೆ. ಇವೆಲ್ಲವನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಆಶ್ಲೇಷಾ ಮಳೆಯ ಒಂದು ಸಂಜೆ, ಕೊಳೆರೋಗಕ್ಕೆ ಮದ್ದು ಹೊಡೆಸಿ ತೋಟದಿಂದ ಮರಳುವಾಗ ಪಾಚಿಗಟ್ಟಿದ ಸಂಕದ (ಕಾಲುಸೇತುವೆಯ) ಮೇಲೆ ಕಾಲು ಜಾರಿ ಬಲಮಗ್ಗುಲಿಗೆ ಬಿದ್ದೆ. ಎದ್ದು ನೋಡಿದರೆ ಒರೆ ಕಾದಿಗೆಯ ನೀರಿನಲ್ಲಿ ತೇಲುವಂತೆ ಓರೆಯಾಗಿ ಬಿದ್ದಿದೆ, ನಕಲು ಪಿಸ್ತೂಲು ಅದರೊಳಗೆ ಭದ್ರವಾಗಿಯೇ ಇದೆ. ಮನೆಗೆ ತಂದು ದೀಪದ ಕೆಳಗೆ ಹಿಡಿದೆ. ಕೈಡೆಕ್ಸ್ ಮೈಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಬೆಲ್ಟಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕುಣಿಕೆ, ಎರಡು ತಿರುಪುಗಳ ಪೈಕಿ ಮೇಲಿನದರ ತೂತಿನಿಂದ ಅಂಚಿನವರೆಗೆ ಸೀಳಿತ್ತು. ಕೆಳಗಿನ ತಿರುಪು ಇರಲೇ ಇಲ್ಲ. ಅದು ಎಂದು ಬಿದ್ದುಹೋಗಿತ್ತೋ ನನಗೆ ತಿಳಿಯದು. ಅಷ್ಟು ದಿನ ನಾನು ಒಂದೇ ತಿರುಪಿನ ಮೇಲೆ ಭಾರ ಹೊತ್ತು ಓಡಾಡುತ್ತಿದ್ದೆ. ಈಶಾನ್ಯದ ಆ ಹಳ್ಳದಲ್ಲಿ ಸ್ಪ್ರಿಂಗ್, ಇಲ್ಲಿ ತಿರುಪು.

ಇನ್ನೊಂದು ಬಗೆ, ಅಚ್ಚಿನಲ್ಲಿ ಹೊಯ್ದ ಒರೆ. ಗಾಜಿನ ನಾರು ಬೆರೆಸಿದ ನೈಲಾನನ್ನು ಕರಗಿಸಿ ಒತ್ತಡದಲ್ಲಿ ಅಚ್ಚಿಗೆ ತುಂಬಿ ಮಾಡುವುದರಿಂದ, ಬಲ ಬೇಕಾದಲ್ಲಿ ದಪ್ಪವಾಗಿಯೂ ಉಳಿದೆಡೆ ತೆಳುವಾಗಿಯೂ ಇರಿಸಲು ಬರುತ್ತದೆ. ಇದರಲ್ಲಿ ಪಿಸ್ತೂಲನ್ನು ಹಿಡಿದಿಡುವುದು ಬರಿಯ ಬಿಗಿತವಲ್ಲ, ಚಿಲಕ. ಚಿಲಕದಲ್ಲಿ ಎರಡು ಪದ್ಧತಿಗಳಿರುವುದರಿಂದ ಎರಡನ್ನೂ ನೋಡಿದೆ. ಹೊರಗೋಡೆಯ ಗುಂಡಿಯನ್ನು ತೋರುಬೆರಳಿನಿಂದ ಒತ್ತಿ ಬಿಡಿಸುವುದು ಒಂದು, ಮೈಯ ಕಡೆಗಿರುವ ಲಿವರನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸುವುದು ಇನ್ನೊಂದು. ತೋರುಬೆರಳಿನ ಪದ್ಧತಿಯನ್ನು ಒಂದೇ ದಿನದಲ್ಲಿ ಬದಿಗಿಟ್ಟೆ. ಅವಸರದಲ್ಲಿ ಎಳೆದಾಗ, ಗುಂಡಿ ಒತ್ತಿದ ಬೆರಳು ಒತ್ತುತ್ತಲೇ ಮುಂದುವರಿದು ನೇರವಾಗಿ ಟ್ರಿಗರ್ ಬಳೆಯೊಳಗೆ ಇಳಿಯುತ್ತದೆ. ನಿಧಾನವಾಗಿ ಮಾಡಿದಾಗ ಕಾಣದ ಈ ದೋಷ ನೂರು ಸಲ ಬೇಗಬೇಗ ಎಳೆದಾಗ ಹನ್ನೊಂದು ಸಲ ಕಂಡಿತು. ಅಲ್ಲದೆ, ಕಡಲಂಚಿನ ಮರಳಿನಲ್ಲಿ ಉರುಳಿದಾಗ ಕಡಲೆಕಾಳಿನ ಕಾಲುಭಾಗದಷ್ಟು ಹರಳೊಂದು ಗುಂಡಿಯ ಹಿಂದೆ ಸಿಕ್ಕಿ ಚಿಲಕ ಬಿಡಲೇ ಇಲ್ಲ. ಕೊನೆಗೆ ಒರೆಯನ್ನೇ ಬಿಚ್ಚಿ ಸುತ್ತಿಗೆಯ ಹಿಡಿಯಿಂದ ತಟ್ಟಬೇಕಾಯಿತು.

ಹೆಬ್ಬೆರಳಿನ ಲಿವರ್ ಹಾಗಲ್ಲ. ಪಿಸ್ತೂಲಿನ ಹಿಡಿಯನ್ನು ಸರಿಯಾಗಿ ಹಿಡಿದಾಗ ಹೆಬ್ಬೆರಳು ತಾನಾಗಿಯೇ ಹೋಗಿ ಕೂರುವ ಜಾಗದಲ್ಲೇ ಅದು ಇರುತ್ತದೆ, ತೋರುಬೆರಳು ಒರೆಯ ಹೊರಗೋಡೆಯ ಮೇಲೆ ನೇರವಾಗಿ ಚಾಚಿಕೊಂಡೇ ಉಳಿಯುತ್ತದೆ. ಮರಳು ಹೊಕ್ಕಾಗ ಕರಕರ ಎಂದಿತು, ಆದರೆ ಬಿಟ್ಟಿತು. ಎರೆಕೆಸರು ಒಣಗಿದಾಗ ಎರಡನೆಯ ಒತ್ತಿಗೆ ಬಿಟ್ಟಿತು. ತಲೆಕೆಳಗು ಮಾಡಿ ಕೊಡವಿದರೂ, ಇನ್ನೊಬ್ಬರು ಹಿಂದಿನಿಂದ ಕಿತ್ತುಕೊಳ್ಳಲು ಜಗ್ಗಿದರೂ ಬರಲಿಲ್ಲ. ನೆರೆಮನೆಯ ಕಾಲೇಜು ಹುಡುಗ ಎರಡೂ ಕೈ ಹಾಕಿ ಎಳೆದಾಗ ನನ್ನ ಬೆಲ್ಟು ಮೇಲೆದ್ದಿತೇ ಹೊರತು ಚಿಲಕ ಜಗ್ಗಲಿಲ್ಲ. ಜನರ ಗುಂಪಿನ ನಡುವೆ ನಿಲ್ಲಬೇಕಾದ ಶಾಂತಿಪಾಲಕನಿಗೆ ಇದು ಸಣ್ಣ ಮಾತಲ್ಲ. ಬ್ಲೇಡಿನ ತುಂಡಿನ ಮೇಲೆ ಹತ್ತನೆಯ ದಿನವೂ ಒರೆಯ ತಳಕ್ಕೆ ತಾಗಿದ ಅಂಚಿನಲ್ಲಿ ಮಾತ್ರ ಒಂದು ಕೆಂಪು ಗೆರೆ ಇತ್ತು. ಭಾರ 230 ಗ್ರಾಂ, ಕೈಡೆಕ್ಸ್‌ನ ಸುಮಾರು ಎರಡರಷ್ಟು. ಬೆಲೆ ಮೂರೂವರೆ ಪಟ್ಟು. ಬ್ರೌನಿಂಗ್ ಅಚ್ಚಿನದು ಸಿಗಲು ಐದು ವಾರ ಕಾಯಬೇಕಾಯಿತು. ಇಂಥ ಒರೆಗಳ ಪೆಟ್ಟಿಗೆಯ ಮೇಲೆ ಒಂದು, ಎರಡು, ಮೂರು ಎಂದು ಭದ್ರತೆಯ ಹಂತ ಬರೆದಿರುತ್ತಾರೆ. ಆ ಅಂಕಿಯನ್ನು ಒಂದೊಂದು ತಯಾರಕರು ಒಂದೊಂದು ರೀತಿ ಎಣಿಸುವುದರಿಂದ ಬೇರೆ ಬೇರೆ ತಯಾರಕರ ಒರೆಗಳನ್ನು ಅದರ ಮೇಲೆ ತೂಗಿ ನೋಡಲು ಬರುವುದಿಲ್ಲ. ಕೈಗೆ ತೆಗೆದುಕೊಂಡು ಚಿಲಕವನ್ನೇ ಎಣಿಸಬೇಕು.

ಕಟ್ಟುವ ಜಾಗದ ಬಗ್ಗೆಯೂ ಒಂದು ಮಾತು ಅಗತ್ಯ. ಗುಂಡುನಿರೋಧಕ ಜಾಕೆಟ್ ತೊಟ್ಟಾಗ ಅದರ ಕೆಳಗಿನ ಅಂಚು ಬೆಲ್ಟಿನ ಮೇಲಿನ ಒರೆಗೆ ಅಡ್ಡ ಬರುತ್ತದೆ, ಹಿಡಿ ಜಾಕೆಟ್ಟಿನೊಳಗೆ ಹೂತುಕೊಂಡು ಕೈಗೆ ಸಿಗುವುದಿಲ್ಲ. ಅದಕ್ಕೆಂದೇ ಹಲವರು ತೊಡೆಗೆ ಇಳಿಸಿ ಕಟ್ಟುತ್ತಾರೆ, ಮತ್ತು ಬಹಳ ಕೆಳಗೆ ಇಳಿಸುತ್ತಾರೆ. ನಾನು ಹಳೆಯ ರಗ್ಗನ್ನು ಮಡಚಿ ಜಾಕೆಟ್ಟಿನಂತೆ ಕಟ್ಟಿಕೊಂಡು ನೋಡಿದಾಗ, ಬೆಲ್ಟಿನಿಂದ ನಾಲ್ಕು ಬೆರಳಿನಷ್ಟು ಕೆಳಗೆ, ಒಂದೇ ತೊಡೆಪಟ್ಟಿಯೊಡನೆ ಕಟ್ಟಿದ್ದು ಎಲ್ಲಕ್ಕಿಂತ ಸರಿಯಾಗಿ ಕೂತಿತು. ಹಿಡಿ ಅಂಚಿನಿಂದ ಹೊರಗೆ ಇರುತ್ತದೆ, ಓಡುವಾಗ ಭಾರ ತೊಡೆಗೆ ಬಡಿಯುವುದಿಲ್ಲ. ಗಾಡಿಯಲ್ಲೇ ಬಹುಹೊತ್ತು ಕೂರುವ ಚಾಲಕನಾದರೆ ಎದೆಯ ಮೇಲೆ ಅಡ್ಡಲಾಗಿ ಕಟ್ಟುವುದೇ ಮೇಲು, ಆದರೆ ಅಳಿಯನ ಕೆಲಸ ನಡೆಯುವುದು.

ಹೀಗೆ ಹೆಬ್ಬೆರಳಿನ ಲಿವರ್ ಇರುವ ಅಚ್ಚಿನ ಒರೆಯನ್ನೇ ಅವನಿಗೆ ಆರಿಸಿದೆ. ಧೂಳು ತಡೆಯುವುದರಲ್ಲಿ ಅದು ಕ್ಯಾನ್ವಾಸಿಗೆ ಸಮನಲ್ಲ ಎಂಬ ಕೊರತೆ ನನ್ನನ್ನು ಕಾಡುತ್ತಿತ್ತು. ಒಣಗಾಲದಲ್ಲಿ ಅಲ್ಲಿ ಧೂಳೂ ಕಡಿಮೆಯಿರುವುದಿಲ್ಲ. ಹಳೆಯ ಕ್ಯಾನ್ವಾಸಿನ ಮುಚ್ಚಳವನ್ನು ಕತ್ತರಿಸಿ, ಗಾಡಿಯಲ್ಲಿ ಕೂತಾಗ ಮಾತ್ರ ಮೇಲಿಂದ ತೊಡಿಸುವಂಥ ಒಂದು ಟೊಪ್ಪಿಗೆಯನ್ನು ಹೊಲಿಸಿಕೊಟ್ಟೆ, ಟಿಚ್ ಗುಂಡಿ ಇಲ್ಲದೆ, ಬರಿಯ ಮರದ ಗುಂಡಿ ಮತ್ತು ಹಗ್ಗದ ಕುಣಿಕೆಯೊಡನೆ. ಸೆಪ್ಟೆಂಬರ್‌ನಲ್ಲಿ ಎಲ್ಲವನ್ನೂ ಅವನ ಪಲ್ಟಣಕ್ಕೆ ಕಳುಹಿಸಿದೆ. ಖಾಸಗಿ ಒರೆಯನ್ನು ಬಳಸಲು ಅವನು ಮೊದಲು ಅಧಿಕಾರಿಗಳ ಅನುಮತಿ ಪಡೆದ, ಆಮೇಲೆ ಖಾಲಿ ಪಿಸ್ತೂಲಿನಿಂದ ವಾರಗಟ್ಟಲೆ ಅಭ್ಯಾಸ ಮಾಡಿದ. ನನ್ನ ಬೀಟೆಯ ನಕಲಿಗಿಂತ ಉಕ್ಕು ಸಲೀಸಾಗಿ ಹೊರಬರುತ್ತದೆ ಎಂದು ಫೋನಿನಲ್ಲಿ ಹೇಳಿದ. ನಾನು ಎಣಿಸಿದ್ದೂ ಅದೇ. ಅನುಮತಿಯ ಜೊತೆಗೆ ಲ್ಯಾನ್‌ಯಾರ್ಡ್ ಕಡ್ಡಾಯವೆಂದು ಹೇಳಿದ್ದಾರೆ ಎಂದಾಗ ನನಗೆ ಹೆಚ್ಚು ಸಮಾಧಾನವಾಯಿತು.

ಕುಣಿಕೆಯನ್ನು ಹಿಡಿದ ಮೂರು ತಿರುಪುಗಳನ್ನು ಕಳುಹಿಸುವ ಮೊದಲೇ ಬಿಚ್ಚಿ, ಎಳೆಗಳಿಗೆ ಸಡಿಲವಾಗದಂತೆ ಹಾಕುವ ನೀಲಿ ಅಂಟಿನ ಒಂದೊಂದು ಹನಿ ಬಿಟ್ಟು, ಮತ್ತೆ ಬಿಗಿ ಮಾಡಿದ್ದೆ. ಪ್ರತಿ ತಿರುಪಿನ ತಲೆಯಿಂದ ಒರೆಯ ಮೈಯವರೆಗೆ ಮಗಳ ಉಗುರುಬಣ್ಣದಲ್ಲಿ ಒಂದು ನೇರ ಗೆರೆ ಎಳೆದಿದ್ದೆ, ತಿರುಪು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ನಾಲ್ಕು ಬಿಡಿ ತಿರುಪು, ಒಂದು ಸಣ್ಣ ಕೀಲಿ, ಒಂದು ಬಿಡಿ ಕುಣಿಕೆ ಇವನ್ನು ಮಾತ್ರೆಯ ಡಬ್ಬಿಯಲ್ಲಿ ಹಾಕಿ ಜೊತೆಗೆ ಇಟ್ಟಿದ್ದೆ. ಫೆಬ್ರವರಿಯಲ್ಲಿ ಅವನು ಅಲ್ಲಿಂದ ಒರೆಯ ಒಂದು ಫೋಟೊ ಕಳುಹಿಸಿದ. ಒಣಗಿದ ಕರಿಮಣ್ಣು ಮೈತುಂಬ ಮೆತ್ತಿತ್ತು, ಲಿವರಿನ ಸುತ್ತ ಮಾತ್ರ ಉಜ್ಜಿ ಹೊಳೆಯುತ್ತಿತ್ತು. ನಾನು ಅದೆಲ್ಲವನ್ನೂ ಬಿಟ್ಟು, ಬೆಲ್ಟಿನ ಕಡೆಯ ಚಿತ್ರವನ್ನು ತೆಗೆದು ಕಳುಹಿಸು ಎಂದೆ. ಬಂದದ್ದನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಎರಡು ಗೆರೆಗಳು ನೇರವಾಗಿಯೇ ಇದ್ದವು. ಮೂರನೆಯದು, ಕೆಳಗಿನದು, ಅಕ್ಕಿಕಾಳಿನ ದಪ್ಪದಷ್ಟು ಪಕ್ಕಕ್ಕೆ ಸರಿದಿತ್ತು. ಆ ಸಂಜೆಯೇ ಅಂಟು ಹಾಕಿ ಬಿಗಿ ಮಾಡಿಸಿದೆ.